ಇಷ್ಟು ಬುದ್ಧಿವಂತರು ಹೀಗ್ಯಾಕೆ ಮಾಡ್ತಾರೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಮುಕ್ಕಾಲುಪಾಲು ‘ಸ್ಕಾರ್ಪಿಯನ್’ ಮೇಲಿನ ಸಿಟ್ಟು. ನೋಡದವರಿಗಾಗಿ ಎರಡು ಮಾತು: ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2014ರ ಸೆಪ್ಟೆಂಬರ್‌ನಿಂದ 2018ರ ಏಪ್ರಿಲ್‌ವರೆಗೆ ನಾಲ್ಕು ಸೀಸನ್, 93 ಕಂತು ಓಡಿದ ಸರಣಿ ಇದು. ಕಂಪ್ಯೂಟರ್ ಮೇಧಾವಿ ವಾಲ್ಟರ್, ಮನುಷ್ಯರೂಪದ ಕ್ಯಾಲ್ಕುಲೇಟರ್ ಸಿಲ್ವೆಸ್ಟರ್, ಯಾವ ಯಂತ್ರವನ್ನಾದರೂ ಬಿಚ್ಚಿ ಕಟ್ಟುವ ಹ್ಯಾಪಿ, ಮನಸ್ಸು ಓದುವ ಟೋಬಿ. ಇವರಿಗೆ ಲೋಕವ್ಯವಹಾರ ಹೇಳಿಕೊಡಲು ಪೇಜ್, ಕೆಲಸ ತಂದುಕೊಡಲು ಸರ್ಕಾರಿ ಏಜೆಂಟ್ ಕೇಬ್. ವಾರಕ್ಕೊಂದು ಮಹಾವಿಪತ್ತು, ವಾರಕ್ಕೊಂದು ಪಾರು.

ಪ್ರಶ್ನೆ: ಮೊದಲನೇ ಕಂತಿನಲ್ಲೇ ವಿಮಾನ ನಿಯಂತ್ರಣದ ತಂತ್ರಾಂಶ ಕೈಕೊಡುತ್ತದೆ. ಸರಿಯಿರುವ ಪ್ರತಿ ಹಾರುತ್ತಿರುವ ಒಂದು ವಿಮಾನದಲ್ಲಿದೆ. ಅದನ್ನು ರನ್‌ವೇ ಮೇಲೆ ತಗ್ಗಿನಲ್ಲಿ ಹಾರಿಸಿ, ಕೆಳಗೆ ಫೆರಾರಿ ಓಡಿಸಿ, ಮೇಲಿನಿಂದ ಜೋತುಬಿಟ್ಟ ಈಥರ್ನೆಟ್ ಕೇಬಲನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸುತ್ತಾರೆ. ಮನೆಯವರೆಲ್ಲ ನಕ್ಕೆವು. ಮಗ ಮಾತ್ರ ‘ಥಿಯರಿಯಲ್ಲಿ ಆಗತ್ತೆ’ ಅಂತ ಹಟ ಹಿಡಿದಿದ್ದಾನೆ. ಆಗತ್ತಾ?
— ಬಸವನಗುಡಿಯ ಓದುಗರು

ಉತ್ತರ: ವೇಗದ ಲೆಕ್ಕದಲ್ಲಿ ನಿಮ್ಮ ಮಗನೇ ಸರಿ. ಪ್ರಯಾಣಿಕ ಜೆಟ್ ಇಳಿಯುವಾಗ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿರುತ್ತದೆ, ಫೆರಾರಿಗೆ 300 ದಾಟುವುದು ಕಷ್ಟವಲ್ಲ. ಎಡವಟ್ಟಾಗುವುದು ಕೇಬಲ್‌ನಲ್ಲಿ.

ಮಾಮೂಲಿ ನೆಟ್‌ವರ್ಕ್ ಕೇಬಲ್ 6 ಮಿ.ಮೀ. ದಪ್ಪ, ಮೀಟರಿಗೆ ಹೆಚ್ಚುಕಡಿಮೆ 40 ಗ್ರಾಂ. ಆ ವೇಗದ ಗಾಳಿ ಅದರ ಒಂದು ಮೀಟರನ್ನು ಹಿಂದಕ್ಕೆ ತಳ್ಳುವ ಬಲ ಅದರ ತೂಕದ ಸುಮಾರು 50 ಪಟ್ಟು. ಹಾಗಾಗಿ ಕೇಬಲ್ ಕೆಳಗೆ ಜೋತಾಡುವುದೇ ಇಲ್ಲ, ವಿಮಾನದ ಹಿಂದೆ ಬಹುತೇಕ ಅಡ್ಡಡ್ಡವಾಗಿ ಹಾರುತ್ತದೆ. ನೆಲದ ಮಟ್ಟಕ್ಕೆ ಎಂಟು ಡಿಗ್ರಿ ಇಳಿಜಾರು ಸಿಕ್ಕರೆ ಪುಣ್ಯ. ಹತ್ತು ಮೀಟರ್ ಬಿಟ್ಟರೂ ಒಂದೂವರೆ ಮೀಟರ್ ಕೆಳಗಿಳಿಯುವುದಿಲ್ಲ. ತುದಿಗೆ ಭಾರ ಕಟ್ಟೋಣವೆಂದರೆ, ಈ ಜಾತಿಯ ಕೇಬಲ್ ಮೇಲೆ ಸುಮಾರು 11 ಕೆ.ಜಿ.ಗಿಂತ ಹೆಚ್ಚು ಎಳೆತ ಬೀಳಬಾರದು ಎಂಬುದು ಅಳವಡಿಕೆಯ ನಿಯಮ. ಅದಕ್ಕೂ ದಾರಿ ಇದೆ: ಭಾರವನ್ನು ಬೇರೆ ಹಗ್ಗಕ್ಕೆ ಕಟ್ಟಿ, ಕೇಬಲನ್ನು ಆ ಹಗ್ಗಕ್ಕೆ ಅಲ್ಲಲ್ಲಿ ಸಡಿಲವಾಗಿ ಕಟ್ಟಬೇಕು. ಇನ್ನು ಸಮಯ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ 4,000 ಮೀಟರ್ ರನ್‌ವೇ ಕೊಟ್ಟರೂ ಆ ವೇಗಕ್ಕೆ ಸಿಗುವುದು 57 ಸೆಕೆಂಡು. 100 ಎಂಬಿಪಿಎಸ್ ಸಂಪರ್ಕದಲ್ಲಿ ಅಷ್ಟರೊಳಗೆ ಇಳಿಯುವುದು 700 ಎಂಬಿ.

ಇಷ್ಟೂ ನಾಟಕಕ್ಕೆ ಒದಗುವ ಸರಕು. ಕೇಬಲ್ ಹಾರಿಹೋಯಿತು, ಭಾರ ಕಟ್ಟಿದರು, ಕೇಬಲ್ ತುದಿಯ ಕನೆಕ್ಟರ್ ಕಿತ್ತುಬಂತು, ಹಗ್ಗದ ಉಪಾಯ ಹೊಳೆಯಿತು: ನಾಲ್ಕು ಹೆಜ್ಜೆಯಲ್ಲಿ ನೋಡುವವರೂ ಜೊತೆಗೆ ತಲೆ ಓಡಿಸಬಹುದಿತ್ತು. ಬರೆದವರು ಅದನ್ನೆಲ್ಲ ಬಿಟ್ಟು ಬರೀ ಸ್ಪೀಡೋಮೀಟರ್ ತೋರಿಸಿದರು. ಮೇಲೂ ಕೆಳಗೂ ಲ್ಯಾಪ್‌ಟಾಪ್ ಇದ್ದು ನಡುವೆ ಹತ್ತು ಮೀಟರ್ ಅಂತರವಷ್ಟೇ ಇರುವಾಗ ವೈಫೈ ಯಾಕೆ ಬೇಡವಾಯಿತು ಅನ್ನುವ ಪ್ರಶ್ನೆ ಸೋಫಾದಲ್ಲಿ ಕೂತವರಿಗೆಲ್ಲ ಬಂದಿರುತ್ತದೆ. ‘ವೈಫೈ ಆಗಲ್ಲ, ಯಾಕೆಂದರೆ...’ ಅಂತ ಒಂದು ಸಾಲು ಬರೆದಿದ್ದರೆ ಅರ್ಧ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನೊಂದು ಮಾತು. ನಿಯಂತ್ರಣ ಕೇಂದ್ರ ಸ್ತಬ್ಧವಾದರೆ ವಿಮಾನಗಳು ಬೀಳುವುದಿಲ್ಲ. ರೇಡಿಯೊ ಕೆಟ್ಟ ಪೈಲಟ್, ವಿಮಾನದ ಗುರುತನ್ನು ನೆಲದ ರಾಡಾರ್‌ಗೆ ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಎಂಬ ಸಂಕೇತ ಒತ್ತುತ್ತಾನೆ. ಗೋಪುರದವರು ದೀಪದ ಗನ್ ಹಿಡಿಯುತ್ತಾರೆ: ಸ್ಥಿರ ಹಸಿರು ಬಂದರೆ ಇಳಿಯಬಹುದು, ಸ್ಥಿರ ಕೆಂಪು ಬಂದರೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಈ ಕಂತು ಪ್ರಸಾರವಾದದ್ದು 2014ರ ಸೆಪ್ಟೆಂಬರ್ 22. ನಾಲ್ಕೇ ದಿನಕ್ಕೆ, 26ರಂದು, ಷಿಕಾಗೋ ಪ್ರದೇಶದ ಆಗಸವನ್ನು ನೋಡಿಕೊಳ್ಳುವ ಅರೋರಾದ ಕೇಂದ್ರಕ್ಕೆ ಬೆಂಕಿ ಬಿದ್ದು ಅದು ನಿಜವಾಗಿ ಸ್ತಬ್ಧವಾಯಿತು. ಅಕ್ಕಪಕ್ಕದ ಕೇಂದ್ರಗಳು ಆ ಆಗಸವನ್ನು ಹಂಚಿಕೊಂಡವು. ಸಾವಿರಾರು ವಿಮಾನ ರದ್ದಾದವು, ಒಂದೂ ಬೀಳಲಿಲ್ಲ. ಅಕ್ಟೋಬರ್ 13ಕ್ಕೆ ಕೇಂದ್ರ ಮತ್ತೆ ಕೆಲಸ ಶುರುಮಾಡಿತು. ಫೆರಾರಿ ಬೇಕಾಗಲಿಲ್ಲ.

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ನಾಯಕನ ಐಕ್ಯೂ 197, ಐನ್‌ಸ್ಟೈನ್‌ದು 160 ಅಂತ ಶುರುವಿನಲ್ಲೇ ಹೇಳುತ್ತಾರೆ. ಈ ಅಂಕಿಗಳಿಗೆ ಅರ್ಥ ಇದೆಯೇ? ಸಿಲ್ವೆಸ್ಟರ್ ಲೆಕ್ಕ ಮಾಡುವಾಗ ಗಾಳಿಯಲ್ಲಿ ಸೂತ್ರಗಳು ತೇಲುತ್ತವಲ್ಲ, ಅದನ್ನು ನೋಡಿದರೆ ಮೈ ಉರಿಯುತ್ತದೆ.
— ರಾಜಾಜಿನಗರ

ಉತ್ತರ: ಐನ್‌ಸ್ಟೈನ್ ಐಕ್ಯೂ ಪರೀಕ್ಷೆ ಬರೆದ ದಾಖಲೆಯೇ ಇಲ್ಲ. ಆ 160 ಯಾರೋ ಕೊಟ್ಟ ಮಾರ್ಕು.

ಇವತ್ತಿನ ಐಕ್ಯೂ ಅಂದರೆ ಸರಾಸರಿಯಿಂದ ಎಷ್ಟು ದೂರ ಅನ್ನುವ ಲೆಕ್ಕ. ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) 15. ಈ ಅಳತೆಯಲ್ಲಿ 197 ಅಂದರೆ ಸುಮಾರು ಆರೂವರೆ ವಿಚಲನೆ ಮೇಲೆ, ಅಂದಾಜು 2,000 ಕೋಟಿ ಜನರಲ್ಲಿ ಒಬ್ಬರು. ಭೂಮಿಯ ಮೇಲಿರುವವರು 800 ಕೋಟಿ ಚಿಲ್ಲರೆ. ಹೆಚ್ಚು ಬಳಕೆಯಲ್ಲಿರುವ ವೆಕ್ಸ್‌ಲರ್ ಪರೀಕ್ಷೆಯ ಅಂಕಪಟ್ಟಿ 160ಕ್ಕೇ ಮುಗಿಯುತ್ತದೆ. ಹಾಗಾದರೆ 190, 200 ಎಲ್ಲಿಂದ ಬರುತ್ತಿದ್ದವು? ಹಳೆಯ ಪದ್ಧತಿಯಲ್ಲಿ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಿದ್ದರು. ಆರು ವರ್ಷದ ಮಗು ಹನ್ನೆರಡು ವರ್ಷದವರ ಪ್ರಶ್ನೆ ಬಿಡಿಸಿದರೆ 200. ಅದೇ ಲೆಕ್ಕವನ್ನು ದೊಡ್ಡವರಿಗೆ ಹಚ್ಚಿದರೆ ಅಸಂಬದ್ಧ. ಗಿನ್ನೆಸ್ ದಾಖಲೆಯವರು ‘ಅತಿ ಹೆಚ್ಚು ಐಕ್ಯೂ’ ವಿಭಾಗವನ್ನು 1990ರಲ್ಲೇ ಕೈಬಿಟ್ಟರು.

ತೇಲುವ ಸೂತ್ರಗಳ ಬಗ್ಗೆ ನಿಮ್ಮ ಸಿಟ್ಟು ನಮ್ಮದೂ. ಆ ಗ್ರಾಫಿಕ್ಸ್ ‘ಇವನು ಬುದ್ಧಿವಂತ’ ಎಂದು ಹೇಳುತ್ತದೆಯೇ ಹೊರತು ಹೇಗೆ ಎಂದು ಹೇಳುವುದಿಲ್ಲ. ಇದಕ್ಕೆ ನಮ್ಮೂರಿನಲ್ಲೇ ಹುಟ್ಟಿದ ಉದಾಹರಣೆ ಇದೆ. ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಳ ಪ್ರತಿಕ್ರಿಯಾ ವೇಗದ ಪರೀಕ್ಷೆಗಳಲ್ಲಿ ಅವರು ಉಳಿದವರಿಗಿಂತ ಅಂಥಾ ಮುಂದಿರಲಿಲ್ಲ. ಮಿದುಳಿನ ವೇಗವೇ ಎಲ್ಲ ಅಲ್ಲ. ಸಂಖ್ಯೆಗಳೊಡನೆ ಬಾಲ್ಯದಿಂದ ಬೆಳೆದ ಸಲಿಗೆಯೂ ವಿಧಾನವೂ ಕೆಲಸ ಮಾಡುತ್ತಿದ್ದವು. ವಿಧಾನ ಅಂದರೆ ತೆರೆಯ ಮೇಲೆ ತೋರಿಸಬಹುದಾದದ್ದು.

ಹೀಗೆ ತೋರಿಸಬಹುದು. ಯಾರೋ 79,507ರ ಘನಮೂಲ ಕೇಳುತ್ತಾರೆ, ಉತ್ತರ ಪೂರ್ಣಾಂಕ ಎಂದು ಗೊತ್ತಿದೆ. ಹುಡುಗ ಕೊನೆಯ ಮೂರು ಅಂಕಿಗಳನ್ನು ಬೆರಳಲ್ಲಿ ಮುಚ್ಚುತ್ತಾನೆ. ಉಳಿದದ್ದು 79. ನಾಲ್ಕರ ಘನ 64, ಐದರದ್ದು 125. ನಡುವೆ ಬಂತು, ಮೊದಲ ಅಂಕಿ 4. ಬೆರಳು ತೆಗೆದು ಕೊನೆಯ ಅಂಕಿ ನೋಡುತ್ತಾನೆ: 7. ಘನ 7ರಲ್ಲಿ ಕೊನೆಯಾಗಬೇಕಾದರೆ ಮೂಲ 3ರಲ್ಲೇ ಕೊನೆಯಾಗಬೇಕು. ಉತ್ತರ 43. 2 ಮತ್ತು 8, 3 ಮತ್ತು 7 ಅದಲುಬದಲು, ಮಿಕ್ಕ ಅಂಕಿಗಳು ಇದ್ದ ಹಾಗೇ: ಇಷ್ಟು ನೆನಪಿದ್ದರೆ ಒಂಬತ್ತನೇ ಕ್ಲಾಸಿನ ಹುಡುಗಿಯೂ ಮಾಡುತ್ತಾಳೆ. ಇಪ್ಪತ್ತು ಸೆಕೆಂಡಿನ ಶಾಟ್, ಗ್ರಾಫಿಕ್ಸ್ ಖರ್ಚು ಸೊನ್ನೆ. ಮುಂದಿನ ದೃಶ್ಯದಲ್ಲಿ ಅವನು ಆರಂಕಿಯ ಸಂಖ್ಯೆಗೆ ಕೈಹಾಕಿದಾಗ ನೋಡುವವರ ಬೆರಳೂ ಮೂರು ಅಂಕಿ ಮುಚ್ಚುತ್ತಿರುತ್ತದೆ.

ಪ್ರಶ್ನೆ: ಪ್ರತಿ ಕಂತೂ ಒಂದೇ ಅಚ್ಚು. ಸುಲಭದ ಕೆಲಸ ಅಂತ ಹೋಗುತ್ತಾರೆ, ಏನೋ ಸ್ಫೋಟವಾಗುತ್ತದೆ, ಮೊದಲ ಉಪಾಯ ಕೆಡುತ್ತದೆ, ಎರಡನೆಯದೂ ಕೆಡುತ್ತದೆ, ಮೂರು ಸೆಕೆಂಡು ಉಳಿದಾಗ ಪಾರು. ಬೇರೆ ಥರ ಬರೆಯಲು ಬರುವುದೇ ಇಲ್ಲವೇ?
— ಯಲಹಂಕ ನ್ಯೂಟೌನ್

ಉತ್ತರ: ಬರುತ್ತದೆ, ಆದರೆ ಬ್ರೇಕ್ ಬಿಡುವುದಿಲ್ಲ. ಅಲ್ಲಿನ ಒಂದು ಗಂಟೆಯ ಸ್ಲಾಟ್‌ನಲ್ಲಿ ಕಥೆಗೆ ಸಿಗುವುದು ಸುಮಾರು 43 ನಿಮಿಷ, ಉಳಿದದ್ದು ಜಾಹೀರಾತು. ಆ 43 ನಿಮಿಷ ಐದಾರು ತುಂಡಾಗುತ್ತದೆ, ಪ್ರತಿ ತುಂಡಿನ ತುದಿಯಲ್ಲಿ ನೋಡುವವರು ರಿಮೋಟ್ ಮುಟ್ಟದಂಥ ಒಂದು ಗಂಡಾಂತರ ಬೇಕು. ನೀವು ಹೇಳಿದ ‘ಕೆಡುವ ಉಪಾಯ’ಗಳು ಬರುವುದು ಬಹುತೇಕ ಬ್ರೇಕ್‌ಗೆ ಸ್ವಲ್ಪ ಮುಂಚೆ, ಗಡಿಯಾರ ಹಿಡಿದು ನೋಡಿ. ಸೀಸನ್‌ಗಳಲ್ಲಿ ಕ್ರಮವಾಗಿ 22, 24, 25, 22 ಕಂತು. ಇಷ್ಟೊಂದು ಬರೆಯುವಾಗ ಅಚ್ಚು ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ.

ತಪ್ಪು ಇರುವುದು ಕೆಡುವ ಬಗೆಯಲ್ಲಿ. ಉಪಾಯ ಎರಡು ರೀತಿ ಕೆಡಬಹುದು. ಹೊರಗಿನಿಂದ ಏನೋ ಬಂದು ಕೆಡಿಸುವುದು ಒಂದು: ತಂತಿ ತುಂಡಾಯಿತು, ಹೆಲಿಕಾಪ್ಟರ್ ಬಂತು, ಕರೆಂಟು ಹೋಯಿತು. ಉಪಾಯದ ಒಳಗೇ ಇದ್ದ ದೋಷದಿಂದ ಕೆಡುವುದು ಇನ್ನೊಂದು: ಭಾರ ಕಟ್ಟಿದ್ದಕ್ಕೇ ಕನೆಕ್ಟರ್ ಕಿತ್ತುಬಂತು. ಎರಡನೆಯದು ಬಂದಾಗ ನೋಡುವವರು ‘ಅಯ್ಯೋ, ಹೌದಲ್ವಾ’ ಅನ್ನುತ್ತಾರೆ. ಮೊದಲನೆಯದು ಬಂದಾಗ ‘ಮತ್ತೆ ಶುರುವಾಯ್ತು’ ಅನ್ನುತ್ತಾರೆ. ‘ಸ್ಕಾರ್ಪಿಯನ್’ ಮೊದಲನೆಯದನ್ನು ಅತಿಯಾಗಿ ಬಳಸಿತು.

ಪ್ರಶ್ನೆ: ತರ್ಕವಿಲ್ಲದ ಕಥೆ ತೋರಿಸಿದ್ದಕ್ಕೆ ವಾಹಿನಿಯ ಮೇಲೆ ದೂರು ಕೊಡಬಹುದೇ?
— ಹನುಮಂತನಗರ

ಉತ್ತರ: ಕೊಡಬಹುದು, ಉಪಯೋಗವಿಲ್ಲ. ನಮ್ಮ ವಾಹಿನಿಗಳು 24 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಿ 15 ದಿನದೊಳಗೆ ಇತ್ಯರ್ಥ ಮಾಡಬೇಕೆಂದು 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮ ಹೇಳುತ್ತದೆ. ಆದರೆ ದೂರು ಕಾರ್ಯಕ್ರಮ ಸಂಹಿತೆಯ ಉಲ್ಲಂಘನೆಯದ್ದಾಗಿರಬೇಕು: ಅಶ್ಲೀಲತೆ, ಹಿಂಸೆಗೆ ಪ್ರಚೋದನೆ, ಮೂಢನಂಬಿಕೆಗೆ ಕುಮ್ಮಕ್ಕು, ಇಂಥವು. ದಡ್ಡತನ ಆ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ಜೀನಿಯಸ್ ಅಂದರೆ ಒರಟ, ಯಾರ ಭಾವನೆಯೂ ಅರ್ಥವಾಗದವನು ಅಂತ ಯಾಕೆ ಬರೆಯುತ್ತಾರೆ? ನಮ್ಮ ಕ್ಲಾಸಿನ ಟಾಪರ್‌ಗಳು ಎಲ್ಲರ ಜೊತೆ ಚೆನ್ನಾಗೇ ಇರುತ್ತಾರೆ. ಇನ್ನು ಟೋಬಿ ಮುಖ ನೋಡಿಯೇ ಸುಳ್ಳು ಹಿಡಿಯುತ್ತಾನಲ್ಲ, ಅದು ಆಗುತ್ತಾ?
— ಪಿಯುಸಿ ವಿದ್ಯಾರ್ಥಿನಿ, ಜಯನಗರ

ಉತ್ತರ: ಬರೆಯುವವರಿಗೆ ಅದು ಅಗ್ಗದ ಅನುಕೂಲ. ನಾಯಕನಿಗೆ ಜನ ಅರ್ಥವಾಗದಿದ್ದರೆ ಪೇಜ್ ವಿವರಿಸಬೇಕು, ಪೇಜ್‌ಗೆ ವಿಜ್ಞಾನ ಅರ್ಥವಾಗದಿದ್ದರೆ ನಾಯಕ ವಿವರಿಸಬೇಕು. ಹೀಗೆ ನೋಡುವವರಿಗೆ ಎರಡೂ ಕಡೆಯ ಮಾಹಿತಿ ತಲುಪುತ್ತದೆ. ಮೊದಲ ಐದಾರು ಕಂತಿಗೆ ಇದು ಸರಿ. ಮೂರನೇ ಸೀಸನ್‌ನಲ್ಲೂ ಅದೇ ಮನುಷ್ಯನಿಗೆ ಅದೇ ಪಾಠ ಮಾಡುತ್ತಿದ್ದರೆ, 197 ಐಕ್ಯೂ ಇದ್ದವನು ಇಷ್ಟು ನಿಧಾನಕ್ಕೆ ಕಲಿಯುವುದೇಕೆ ಅನ್ನಿಸುತ್ತದೆ.

ದಾಖಲೆಯೂ ಈ ಅಚ್ಚಿನ ಪರ ಇಲ್ಲ. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಶುರುಮಾಡಿದ ಅಧ್ಯಯನ ಹೆಚ್ಚು ಐಕ್ಯೂ ಇದ್ದ 1,500ಕ್ಕೂ ಮೀರಿದ ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿತು. ಒಟ್ಟಾರೆ ಅವರು ಆರೋಗ್ಯ, ಸಂಸಾರ, ಸ್ನೇಹ ಯಾವುದರಲ್ಲೂ ಹಿಂದುಳಿದವರಾಗಿರಲಿಲ್ಲ. ಸ್ವಾರಸ್ಯ ಬೇರೆ ಕಡೆ ಇದೆ: ಪರೀಕ್ಷೆಯಲ್ಲಿ ಅಂಕ ಸಾಲದೆ ಆ ಗುಂಪಿನಿಂದ ಹೊರಗುಳಿದ ಮಕ್ಕಳಲ್ಲಿ ವಿಲಿಯಂ ಷಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್ ಇದ್ದರು. 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ ಭೌತವಿಜ್ಞಾನದ ನೊಬೆಲ್ ಬಂತು.

ಸುಳ್ಳು ಹಿಡಿಯುವ ವಿದ್ಯೆ: 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬ ಸಂಶೋಧಕರು ನೂರಾರು ಅಧ್ಯಯನಗಳಿಂದ ಸುಮಾರು 24,000 ಜನರ ತೀರ್ಪುಗಳನ್ನು ಒಟ್ಟುಗೂಡಿಸಿ ನೋಡಿದರು. ಸುಳ್ಳು ಯಾವುದು, ನಿಜ ಯಾವುದು ಎಂದು ಸರಿಯಾಗಿ ಹೇಳಿದ್ದು ಸರಾಸರಿ ನೂರಕ್ಕೆ 54. ನಾಣ್ಯ ಚಿಮ್ಮಿದರೆ 50 ಬರುತ್ತದೆ.

ಪ್ರಶ್ನೆ: ವಾಲ್ಟರ್–ಪೇಜ್ ಪ್ರೀತಿಗೆ ಮೂರು ಸೀಸನ್ ಕಾಯಿಸಿ, ನಾಲ್ಕನೆಯದರ ಕೊನೆಗೆ ಮುರಿದು, ತಂಡವನ್ನೇ ಎರಡು ಹೋಳು ಮಾಡಿ ನಿಲ್ಲಿಸಿಬಿಟ್ಟರು. ಇದೆಂಥ ಮುಕ್ತಾಯ?
— ವಿಜಯನಗರ

ಉತ್ತರ: ಅದು ಮುಕ್ತಾಯವೇ ಅಲ್ಲ, ಮುಂದಿನ ಸೀಸನ್‌ಗೆ ಹಾಕಿದ ಕೊಕ್ಕೆ. ಕೊನೆಯ ಕಂತು ಪ್ರಸಾರವಾದದ್ದು 2018ರ ಏಪ್ರಿಲ್ 16ಕ್ಕೆ. ಸರಣಿ ರದ್ದು ಎಂಬ ಸುದ್ದಿ ಬಂದದ್ದು ಮೇ ತಿಂಗಳಲ್ಲಿ. ಅಮೆರಿಕದ ವಾಹಿನಿಗಳು ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದೇ ಮೇನಲ್ಲಿ, ಜಾಹೀರಾತುದಾರರಿಗೆ ಹೊಸ ಪಟ್ಟಿ ತೋರಿಸುವ ಹೊತ್ತಿಗೆ. ಬರೆಯುವವರು ಆ ಕಂತನ್ನು ಅದಕ್ಕೂ ಎಷ್ಟೋ ಮುಂಚೆ ಮುಗಿಸಿರುತ್ತಾರೆ. ಅನುಭವಸ್ಥರು ಇಂಥಲ್ಲಿ ಜಾಣತನ ಮಾಡುತ್ತಾರೆ: ವರ್ಷದ ಮುಖ್ಯ ಪ್ರಶ್ನೆಗೆ ಉತ್ತರ ಕೊಟ್ಟು, ಕೊನೆಯ ಅರ್ಧ ನಿಮಿಷದಲ್ಲಿ ಮಾತ್ರ ಹೊಸ ಬಾಗಿಲು ತೆರೆಯುತ್ತಾರೆ. ರದ್ದಾದರೆ ಆ ಅರ್ಧ ನಿಮಿಷ ಕತ್ತರಿಸಬಹುದು. ಇಲ್ಲಿ ಇಡೀ ಕಂತೇ ಬಾಗಿಲು, ಕತ್ತರಿಸಲು ಜಾಗವಿರಲಿಲ್ಲ.

ಪ್ರಶ್ನೆ: ಅವರನ್ನು ಬಯ್ಯುವುದೇನು, ನಮ್ಮ ಧಾರಾವಾಹಿಗಳ ರ‍್ಯಾಂಕ್ ಸ್ಟೂಡೆಂಟ್ ನಾಯಕಿಯರು ಬಾಗಿಲ ಹಿಂದೆ ನಿಂತ ಅತ್ತೆಯನ್ನು ಆರು ತಿಂಗಳು ನೋಡುವುದಿಲ್ಲವಲ್ಲ?
— ಗೃಹಿಣಿ, ಕತ್ರಿಗುಪ್ಪೆ

ಉತ್ತರ: ನೋಡಿದರೆ ಟ್ರ್ಯಾಕ್, ಅಂದರೆ ಕಥೆಯ ಆ ಎಳೆ, ಮುಗಿಯುತ್ತದೆ. ಅರ್ಧ ಗಂಟೆಯ ಸ್ಲಾಟ್‌ಗೆ ಇಪ್ಪತ್ತೆರಡು ನಿಮಿಷದಂತೆ ವಾರಕ್ಕೆ ಐದಾರು ಕಂತು. ಅಂದರೆ ವಾರಕ್ಕೊಂದು ಸಿನಿಮಾದಷ್ಟು ಕಥೆ. ಗುರುವಾರ ರೇಟಿಂಗ್ ಬರುತ್ತದೆ, ಏರಿದ ಟ್ರ್ಯಾಕ್ ಎಳೆಯುತ್ತಾರೆ, ಬಿದ್ದದ್ದನ್ನು ಕತ್ತರಿಸುತ್ತಾರೆ. ಎಳೆಯಲು ಅತಿ ಸುಲಭದ ವಸ್ತು ಗುಟ್ಟು. ಗುಟ್ಟು ಉಳಿಯಬೇಕಾದರೆ ಯಾರಾದರೂ ದಡ್ಡರಾಗಬೇಕು, ಆ ಪಾಲು ನಾಯಕಿಗೆ ಬೀಳುತ್ತದೆ. ಅವಳಿಗೆ ವಿಷಯ ಮೊದಲ ವಾರವೇ ಗೊತ್ತಾಗಿ, ಗೊತ್ತಿದೆ ಎಂಬುದನ್ನು ಅವಳು ಅತ್ತೆಯಿಂದ ಮುಚ್ಚಿಟ್ಟರೆ ಅದೇ ಆರು ತಿಂಗಳು ಎಳೆಯಬಹುದು, ಬುದ್ಧಿಯೂ ಉಳಿಯುತ್ತದೆ.

ಪ್ರಶ್ನೆ: ಬೆಂಗಳೂರಿನ ಹಿನ್ನೆಲೆಯಲ್ಲಿ ಜೀನಿಯಸ್ ನಾಯಕಿಯ ವೆಬ್ ಸರಣಿ ಬರೆಯುತ್ತಿದ್ದೇನೆ. ಬಾಂಬ್, ಹ್ಯಾಕಿಂಗ್ ಬೇಡ. ಎಲ್ಲಿಂದ ಶುರು ಮಾಡಲಿ?
— ಮಲ್ಲೇಶ್ವರ

ಉತ್ತರ: ನಲ್ಲಿಯಿಂದ. ಕಾವೇರಿ ನೀರು ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮಜಲಿನ ಪಂಪಿಂಗ್‌ನಲ್ಲಿ ಸುಮಾರು 100 ಕಿ.ಮೀ. ದೂರ, ಅಂದಾಜು 500 ಮೀಟರ್ ಎತ್ತರ ಏರಿ ಊರಿಗೆ ಬರುತ್ತದೆ. ಒಂದು ಕಂತಿಗೆ ಬೇಕಾದ ಅಪಾಯವೆಲ್ಲ ಆ ಕೊಳವೆಯೊಳಗೇ ಇದೆ.

ನಿಯಮ ಇಷ್ಟು. ಓಡುತ್ತಿರುವ ನೀರನ್ನು ತಟ್ಟನೆ ತಡೆದರೆ ಒತ್ತಡದ ಅಲೆ ಹುಟ್ಟುತ್ತದೆ. ಉಕ್ಕಿನ ದೊಡ್ಡ ಕೊಳವೆಯಲ್ಲಿ ಅದು ಸೆಕೆಂಡಿಗೆ ಸುಮಾರು 1,000 ಮೀಟರ್ ಓಡುತ್ತದೆ. ರಷ್ಯದ ಝುಕೋವ್‌ಸ್ಕಿ 1898ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಸೆಕೆಂಡಿಗೆ 2 ಮೀಟರ್ ವೇಗದ ಹರಿವು ಒಮ್ಮೆಲೇ ನಿಂತರೆ ಕೊಳವೆಯ ಮೇಲೆ ಹೆಚ್ಚುವರಿಯಾಗಿ 200 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಬೀಳುತ್ತದೆ. ಕೊಳವೆ 30 ಕಿ.ಮೀ. ಉದ್ದ ಅಂದುಕೊಳ್ಳಿ: ಅಲೆ ಹೋಗಿ ಮರಳಲು 60 ಸೆಕೆಂಡು. ವಾಲ್ವ್ ಮುಚ್ಚುವ ಕೆಲಸ ಆ 60 ಸೆಕೆಂಡಿನೊಳಗೆ ಮುಗಿದರೆ ಅದು ಒಮ್ಮೆಲೇ ಮುಚ್ಚಿದಂತೆಯೇ. ಬಾಂಬಿನ ಟೈಮರ್ ಇಲ್ಲದೆ ನಿಮಗೆ ಗಡಿಯಾರ ಸಿಕ್ಕಿತು.

ದೃಶ್ಯ ಒಂದು, ಕಂತಿನ ಶುರುವಿನಲ್ಲೇ: ನಾಯಕಿಯ ಮನೆಯಲ್ಲಿ ವಾಷಿಂಗ್ ಮೆಷಿನ್ ನೀರು ತುಂಬಿಕೊಂಡು ನಿಲ್ಲಿಸಿದಾಗಲೆಲ್ಲ ಗೋಡೆಯೊಳಗೆ ಪೈಪು ‘ಧಡ್’ ಅನ್ನುತ್ತದೆ. ಅಜ್ಜಿ ಗೊಣಗುತ್ತಾರೆ. ಅವಳು ಯಾಕೆ ಅಂತ ಎರಡು ಸಾಲಿನಲ್ಲಿ ಹೇಳುತ್ತಾಳೆ. ಮೂರನೇ ಸಾಲು ಬರೆಯಬೇಡಿ. ದೃಶ್ಯ ಎರಡು: ಊರಂಚಿನಲ್ಲಿ ಕೊಳವೆಯ ಜಾಯಿಂಟ್ ಸೋರಿ ರಸ್ತೆ ತುಂಬ ನೀರು, ಎಲ್ಲರೂ ವಾಲ್ವ್ ಕಡೆ ಓಡುತ್ತಾರೆ. ಅವಳು ಮಾತ್ರ ‘ಮುಚ್ಬೇಡಿ!’ ಅನ್ನುತ್ತಾಳೆ. ‘ಧಡ್’ ಕೇಳಿಸಿಕೊಂಡ ನೋಡುಗರಿಗೆ ಅರ್ಥವಾಗುತ್ತದೆ, ಅಲ್ಲಿನ ಅಧಿಕಾರಿಗೆ ಆಗುವುದಿಲ್ಲ. ಹಾಗಾದರೆ ಪಂಪ್ ನಿಲ್ಲಿಸಿ ಅನ್ನುತ್ತಾನೆ ಅವನು. ಅದೂ ಅಪಾಯವೇ: ಪಂಪುಗಳೆಲ್ಲ ಒಟ್ಟಿಗೆ ನಿಂತರೆ ಒತ್ತಡ ಕುಸಿದು, ಕೊಳವೆಯ ದಿಬ್ಬಗಳಲ್ಲಿ ನೀರು ಎರಡಾಗಿ ಸೀಳಿ, ಮತ್ತೆ ಕೂಡುವಾಗ ಡಿಕ್ಕಿ ಹೊಡೆಯುತ್ತದೆ. ಇದನ್ನು ತಡೆಯಲೆಂದೇ ಇಂಥ ಕೊಳವೆಗಳಿಗೆ ಗಾಳಿ ಒಳಬಿಡುವ ಏರ್ ವಾಲ್ವ್, ಒತ್ತಡದ ಏರಿಳಿತ ತಾಳಿಕೊಳ್ಳುವ ಸರ್ಜ್ ಟ್ಯಾಂಕ್ ಇರುತ್ತವೆ. ನಿಮ್ಮ ಕಂತಿನಲ್ಲಿ ಒಂದು ಏರ್ ವಾಲ್ವ್ ತುಕ್ಕು ಹಿಡಿದಿರಲಿ, ಅದನ್ನೂ ಮೊದಲೇ ತೋರಿಸಿ.

ಪರಿಹಾರ: ಪಂಪುಗಳನ್ನು ಒಂದೊಂದಾಗಿ, ನಡುವೆ ಬಿಡುವು ಕೊಟ್ಟು ನಿಲ್ಲಿಸುವುದು. ವಾಲ್ವನ್ನು ಐದಾರು ನಿಮಿಷ ತೆಗೆದುಕೊಂಡು ಮುಚ್ಚುವುದು. ಇಲ್ಲಿ ಬರವಣಿಗೆಗೆ ಒಳ್ಳೆಯ ಒಂದು ಸೂಕ್ಷ್ಮ ಸಿಗುತ್ತದೆ. ಉದ್ದ ಕೊಳವೆಯಲ್ಲಿ ವಾಲ್ವ್ ಮುಕ್ಕಾಲು ಮುಚ್ಚಿದರೂ ಹರಿವು ಹೆಚ್ಚು ಇಳಿದಿರುವುದಿಲ್ಲ. ನಿಜವಾಗಿ ನೀರು ನಿಲ್ಲುವುದು ಕೊನೆಯ ಕೆಲವು ಸುತ್ತುಗಳಲ್ಲಿ. ‘ಇನ್ನೇನು ಮುಗೀತು’ ಅಂತ ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೇ ಚಕ್ರ ತಿರುಗಿಸುವವನು ಅತಿ ನಿಧಾನವಾಗಬೇಕು, ರಸ್ತೆಯಲ್ಲಿ ನಿಂತ ಜನ ಬಯ್ಯುತ್ತಿರಬೇಕು.

ನೀರು ಸರಬರಾಜಿನ ಕೊಳವೆಗಳಲ್ಲಿ ಕೆಲಸ ಮಾಡಿದ ಎಂಜಿನಿಯರೊಬ್ಬರಿಗೆ ಇದನ್ನು ತೋರಿಸಿ, ಆದರೆ ಒನ್‌ಲೈನ್ ಹಂತದಲ್ಲಿ, ಅಂದರೆ ಸಂಭಾಷಣೆಗೆ ಮುಂಚೆ ಬರೀ ದೃಶ್ಯಗಳ ಪಟ್ಟಿ ಇರುವಾಗಲೇ, ತೋರಿಸಿ. ಸಂಭಾಷಣೆ ಮುಗಿದ ಮೇಲೆ ಹೋದರೆ ಅವರು ಹೇಳಿದ್ದನ್ನು ನೀವು ತಿದ್ದುವುದಿಲ್ಲ, ಸಮರ್ಥನೆ ಹುಡುಕುತ್ತೀರಿ. ‘ಹೀಗಾಗುತ್ತದೆಯೇ’ ಎಂದು ಕೇಳಬೇಡಿ. ‘ಹೀಗಾದಾಗ ನಿಮ್ಮವರು ಮೊದಲು ಮಾಡುವ ತಪ್ಪೇನು’ ಎಂದು ಕೇಳಿ. ಎಡಿಟಿಂಗ್‌ನಲ್ಲಿ ಆ 60 ಸೆಕೆಂಡನ್ನು 60 ಸೆಕೆಂಡಾಗಿಯೇ ಇಡಿ.